ಏಳನೇ ಗುಂಡಿಯ ಎಡಚ

ತೂಕದ ಯಂತ್ರದ ಅಂಕಿ ನಿಲ್ಲುವವರೆಗೆ ಉಸಿರು ಬಿಡಬಾರದು. ಬಿಟ್ಟರೆ ತಟ್ಟೆಯಲ್ಲಿರುವ ಹೊಟ್ಟು ಹಾರಿಹೋಗುತ್ತದೆ. ಕಬ್ಬಿಣದ ಹೊಟ್ಟು ಅದು. ಕೆಂಪಗೆ ಕಾದ ಕಬ್ಬಿಣಕ್ಕೆ ಸುತ್ತಿಗೆಯ ಪೆಟ್ಟು ಬಿದ್ದಾಗ ಮೈಮೇಲಿಂದ ಸಿಡಿಯುವ ಸಿಪ್ಪೆ, ಮೀನಿನ ಹುರುಪೆಗಿಂತ ತೆಳು, ಉಗುರಿನ ತುದಿಯಷ್ಟೂ ಅಗಲವಿಲ್ಲ. ಕುಲುಮೆ ಮಣ್ಣುಪಾಲಾಗಿ, ಕಮ್ಮಾರ ಮಣ್ಣುಪಾಲಾಗಿ, ಅವನು ಬಡಿದ ಕತ್ತಿ ತುಕ್ಕುಪಾಲಾದ ಮೇಲೂ ಈ ಹೊಟ್ಟು ನೆಲದಲ್ಲಿ ಉಳಿದುಕೊಂಡು, ಇಲ್ಲಿ ಒಬ್ಬ ಕೂತು ಬಡಿದಿದ್ದ ಎಂದು ಸಾಕ್ಷಿ ಹೇಳುತ್ತದೆ. ಹನ್ನೊಂದು ವರ್ಷದಿಂದ ಒಂದಲ್ಲ ಒಂದು ಅಗೆತದಲ್ಲಿ ಉಸಿರು ಹಿಡಿದು ಅದನ್ನು ತೂಗುತ್ತ ಬಂದ ಕಿಟ್ಟನಿಗೆ ಇವತ್ತು ಹಿಡಿಯುವ ಕಷ್ಟವೇ ಇರಲಿಲ್ಲ, ಉಸಿರು ತಾನಾಗಿ ಗಂಟಲಲ್ಲಿ ಕೂತಿತ್ತು. ಹನ್ನೊಂದು ಗಂಟೆಗೆ ಹೊರಗಿನ ಪರೀಕ್ಷಕಿ ಬರುತ್ತಾರೆ. ಹಳೇ ಕುಲುಮೆ ಹುಡುಕಿ ಅಗೆದ ಏಳನೇ ಗುಂಡಿ ನೋಡುತ್ತಾರೆ. ಅವರು ಸಹಿ ಹಾಕಿದರೆ ವರದಿ ಅಚ್ಚಿಗೆ, ನಿರ್ದೇಶಕರು ಪೇಪರಿಗೆ, ಕಿಟ್ಟ ಕಾಯಂ ಪಟ್ಟಿಗೆ. ತಟ್ಟೆಯಲ್ಲಿದ್ದ ಹೊಟ್ಟು ಕಿಟಕಿಯ ಬೆಳಕಿಗೆ ನೀಲಿಗಪ್ಪಾಗಿ ಮಿರಿಮಿರಿ ಮಿಂಚುತ್ತಿತ್ತು. ಎರಡೂವರೆ ಸಾವಿರ ವರ್ಷ ಹಸಿ ಮಣ್ಣಿನಲ್ಲಿ ಮಲಗಿ ಎದ್ದ ಕಬ್ಬಿಣ ಹೀಗೆ ಮದುವೆ ಮನೆಗೆ ಹೊರಟ ಹಾಗೆ ಮಿಂಚುವುದುಂಟೇ? ಮೂರನೇ ಗುಂಡಿಯ ಹೊಟ್ಟು ಪಕ್ಕದ ಡಬ್ಬಿಯಲ್ಲಿತ್ತು, ಕಂದು ಬಣ್ಣ, ಮಣ್ಣಿಗಂಟಿದ ಮುದ್ದೆ, ಮುಟ್ಟಿದರೆ ಪುಡಿ. ಅದಕ್ಕೆ ವಯಸ್ಸಾಗಿತ್ತು. ಇದರ ವಯಸ್ಸು ಎರಡು ವರ್ಷ. ಯಾವ ಕೈಯಿಂದ ಸಿಡಿದದ್ದು ಎಂಬುದೂ ಅವನಿಗೆ ಗೊತ್ತಿತ್ತು. ಆ ಕೈ ಇವತ್ತು ಬೆಳಗ್ಗೆ ಅವನ ಮನೆಯ ಹಿಂದಿನ ಕೋಣೆಯಲ್ಲಿ ಗಡ್ಡ ಕೆರೆದುಕೊಳ್ಳುತ್ತ ಕೂತಿತ್ತು.

ಕಿಟ್ಟ ಎನ್ನುವುದು ಅವನ ಹೆಸರಲ್ಲ. ಅದಿರು ಕರಗಿಸಿ ಕಬ್ಬಿಣ ತೆಗೆದ ಮೇಲೆ ಉಳಿಯುವ ಕಸಕ್ಕೆ ಕಿಟ್ಟ ಅನ್ನುತ್ತಾರೆ, ಅದನ್ನು ಹೆಕ್ಕಿ ತೊಳೆದು ತೂಗುವವನಿಗೂ ಅದೇ ಅಂಟಿಕೊಂಡಿತು. ಇಲ್ಲಿ ಎಲ್ಲರಿಗೂ ಅವರವರು ಹೆಕ್ಕಿದ್ದೇ ಹೆಸರು. ಒಡೆದ ಮಡಕೆ ಜೋಡಿಸುವವನು ಮಡಕೆ. ನಿರ್ದೇಶಕರು ಮಾತ್ರ ನಿರ್ದೇಶಕರಾಗಿಯೇ ಉಳಿದರು, ಅವರು ಬಗ್ಗಿ ಏನನ್ನೂ ಹೆಕ್ಕಿದ್ದಿಲ್ಲವಾದ್ದರಿಂದ. ಕಿಟ್ಟನಿಗೆ ತನ್ನ ಹೆಸರಿನ ಬಗ್ಗೆ ಬೇಸರವಿರಲಿಲ್ಲ, ಕಿಟ್ಟದ ಬಗ್ಗೆ ಅಭಿಮಾನವೇ ಇತ್ತು. ಮೂರನೇ ಗುಂಡಿಯಲ್ಲಿ ಸಿಕ್ಕ ಒಂದು ದೊಡ್ಡ ಗಡ್ಡೆಯ ಅಡಿಯಲ್ಲಿ ಹುಲ್ಲಿನ ಅಚ್ಚಿತ್ತು. ಒಲೆಯ ತಳಕ್ಕೆ ಯಾರೋ ಹುಲ್ಲು ತುರುಕಿದ್ದರು, ಕರಗಿದ ಕಿಟ್ಟ ಅದರ ಮೇಲೆ ಇಳಿದು, ಹುಲ್ಲು ಉರಿದುಹೋಗಿ, ಅದರ ಗೆಣ್ಣು ಗೆಣ್ಣೂ ಕಲ್ಲಾಗಿ ಉಳಿದಿತ್ತು. ಆ ಗಡ್ಡೆಯನ್ನು ಮೊದಲ ಸಲ ತೊಳೆದ ದಿನ ಅವನಿಗೆ ಅಪ್ಪನಿಗೆ ತೋರಿಸಬೇಕು ಅನ್ನಿಸಿತ್ತು. ತೋರಿಸಲಿಲ್ಲ. ಕೆಲಸದ ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬಲ್ಲಿ ಅವನು 'ಲೋಹ ವ್ಯವಹಾರ' ಎಂದು ಬರೆದಿದ್ದ. ಬರೆಯುವಾಗ ಅದು ಸುಳ್ಳು ಅನ್ನಿಸಿರಲಿಲ್ಲ. ಸುಳ್ಳಿಗೂ ಸತ್ಯಕ್ಕೂ ಬೆಸುಗೆ ಹಾಕಿದ ಜಾಗ ಕಾಣದ ಹಾಗೆ ಉಜ್ಜಿದರೆ ಅದನ್ನು ಅರ್ಜಿ ಅನ್ನುತ್ತಾರೆ ಅಷ್ಟೆ.

ಮೂರು ವಾರದ ಹಿಂದೆ ನಿರ್ದೇಶಕರು ಗೋಡೆಯ ಮೇಲೆ ಏಳನೇ ಗುಂಡಿಯ ನಕ್ಷೆ ತೂಗುಹಾಕಿದ್ದರು. ಗುಂಡಿಯ ನೆಲವನ್ನು ಗೇಣು ಗೇಣು ಚೌಕ ಮಾಡಿ, ಒಂದೊಂದು ಚೌಕದ ಮಣ್ಣಲ್ಲೂ ಅಯಸ್ಕಾಂತ ಎಳೆದು, ಎಷ್ಟು ಹೊಟ್ಟು ಅಂಟಿತು ಎಂದು ತೂಗಿ ಕೊಟ್ಟವನು ಕಿಟ್ಟನೇ. ಹೆಚ್ಚು ಇದ್ದಲ್ಲಿ ಕಪ್ಪು, ಕಮ್ಮಿ ಇದ್ದಲ್ಲಿ ಬೂದು. ಚುಕ್ಕಿಗಳೆಲ್ಲ ಸೇರಿ ಬಿಚ್ಚಿದ ಬೀಸಣಿಗೆಯ ಹಾಗೆ ಕಾಣುತ್ತಿದ್ದವು, ಒಂದು ಪಕ್ಕಕ್ಕೆ ವಾಲಿದ ಬೀಸಣಿಗೆ. ನಿರ್ದೇಶಕರು ಅದರ ಹಿಡಿಯ ಜಾಗದಲ್ಲಿ ಕುರ್ಚಿ ಇಟ್ಟು ಕೂತು, ಗಾಳಿಯಲ್ಲಿ ಸುತ್ತಿಗೆ ಬೀಸಿ ತೋರಿಸಿದರು. ಬಲಗೈಯಲ್ಲಿ ಬಡಿದರೆ ಹೊಟ್ಟು ಎಡಕ್ಕೆ ಜಾಸ್ತಿ ಹಾರಬೇಕು. ಇಲ್ಲಿ ಬಲಕ್ಕೆ ಹಾರಿದೆ. "ಅಂದ್ರೆ ಏನು? ಅಂದ್ರೆ ಇವನು ಎಡಚ!" ಎಂದರು. "ಪ್ರಪಂಚದಲ್ಲಿ ಎಲ್ಲರಿಗೂ ಕುಲುಮೆ ಸಿಗುತ್ತೆ, ನಮಗೆ ಕಮ್ಮಾರನೇ ಸಿಕ್ಕಿದಾನೆ. ಅವನ ಕೈ ಸಿಕ್ಕಿದೆ!" ಎಲ್ಲರೂ ಚಪ್ಪಾಳೆ ತಟ್ಟಿದರು. ಕಿಟ್ಟನೂ ಎರಡು ಸಲ ತಟ್ಟಿದ, ಮೂರನೇ ಸಲಕ್ಕೆ ಕೈ ಕೂಡಲಿಲ್ಲ. ಅವನು ಹುಟ್ಟಿ ಬೆಳೆದ ಮನೆಯಲ್ಲಿ ಇಕ್ಕಳಗಳೆಲ್ಲ ತಿರುಗುಮುರುಗು. ಅಂಗಡಿಯ ಇಕ್ಕಳ ಅಪ್ಪನ ಕೈಗೆ ಒಗ್ಗುತ್ತಿರಲಿಲ್ಲ, ತಾನೇ ಉಲ್ಟಾ ತಿರುಚಿ ಮಾಡಿಕೊಂಡಿದ್ದರು. ಸಾಲ ಕೇಳಿದ ನೆರೆಯ ಕಮ್ಮಾರರು ಮಾರನೇ ದಿನವೇ ವಾಪಸ್ ತಂದುಕೊಟ್ಟು, "ನಿಮ್ಮ ಇಕ್ಕಳ ನಿಮ್ಮ ಹಾಗೇ ಮೊಂಡು" ಎಂದು ನಕ್ಕು ಹೋಗುತ್ತಿದ್ದರು. ಆ ನಗು, ಗೋಡೆಯ ಮೇಲಿನ ನಕ್ಷೆ, ನಿರ್ದೇಶಕರು ಗಾಳಿಯಲ್ಲಿ ಬೀಸುತ್ತಿದ್ದ ಎಡಗೈ, ಎಲ್ಲ ಒಂದೇ ಕೋಣೆಯಲ್ಲಿದ್ದವು. ಅಪ್ಪ ಕೂಡ ಅಲ್ಲೇ ಎಲ್ಲೋ ಮೂಲೆಯಲ್ಲಿ ಕೂತು ನೋಡುತ್ತಿದ್ದಾರೆ ಅನ್ನಿಸಿ ಅವನು ಹಿಂದಿರುಗಿ ನೋಡಿದ್ದ. ಮಡಕೆ ಕಣ್ಣು ಹೊಡೆದಿದ್ದ.

ಅಪ್ಪ ಈ ಎರಡು ವರ್ಷದಿಂದ ಅವನ ಜೊತೆ ನೇರ ಮಾತಾಡುವುದಿಲ್ಲ. ಜಗಳವಾಗಿಲ್ಲ, ಆಗಿದ್ದರೆ ಮುಗಿದಾದರೂ ಹೋಗುತ್ತಿತ್ತು. ಏನೇ ಇದ್ದರೂ ಸೊಸೆಯ ಮುಖಾಂತರ. ಇವತ್ತು ಬೆಳಗ್ಗೆಯೂ, ಒಂದೇ ಮೇಜಿನ ಆ ತುದಿ ಈ ತುದಿಯಲ್ಲಿ ಕೂತು ಟೀ ಕುಡಿಯುವಾಗ, "ನಿನ್ ಗಂಡನಿಗೆ ಹೇಳಮ್ಮ, ಇವತ್ತು ಕಾಯಂ ಆಗೋ ದಿನ ಅಂತೆ, ಇಸ್ತ್ರಿ ಇರೋ ಅಂಗಿ ಹಾಕ್ಕೊಳ್ಳಲಿ" ಎಂದರು. ಅವಳು ಒಲೆಯ ಕಡೆಯಿಂದ ತಿರುಗದೆ, "ನಾನೇನು ಟೆಲಿಫೋನ್ ತಂತೀನಾ ಮಾವ? ಎದುರಿಗೇ ಇದಾರೆ, ನೀವೇ ಹೇಳಿ" ಎಂದಳು. "ಎದುರಿಗೆ ಇರೋರೆಲ್ಲ ಗುರುತಿನವರಾ?" ಎಂದು ಅಪ್ಪ ಕಪ್ಪಿನ ತಳದ ಸಕ್ಕರೆ ಅಲ್ಲಾಡಿಸಿ ಕುಡಿದರು. ಅವಳಿಗೆ ಆ ಮಾತಿನ ತಲೆಬುಡ ತಿಳಿಯದು. ಅವನಿಗೆ ತಿಳಿಯಿತು, ತಿಳಿದದ್ದು ಮುಖದಲ್ಲಿ ಕಾಣಬಾರದೆಂದು ಅಂಗಿ ಬದಲಿಸಲು ಎದ್ದುಹೋದ. ಒಳಗೆ ಕನ್ನಡಿಯ ಮುಂದೆ ನಿಂತು, ಅಪ್ಪಾ, ಆ ಒಂಬತ್ತು ದಿನ ನೀನು ಎಷ್ಟು ಪಿಕಾಸಿ ಹರಿತ ಮಾಡಿದೆ, ಎಂದು ಕೇಳಬೇಕೆಂದುಕೊಂಡ. ಕೇಳಿ ಏನು? ಎಪ್ಪತ್ತು ಅಂದರೂ ಅಷ್ಟೆ, ಏಳು ಅಂದರೂ ಅಷ್ಟೆ.

ಎರಡು ವರ್ಷದ ಹಿಂದೆ, ಈ ಜಾಗದ ಅಗೆತದ ಮೊದಲ ವರ್ಷ ಅದು. ನೆಲ ಗಟ್ಟಿ, ದಿನಕ್ಕೆ ಹತ್ತು ಪಿಕಾಸಿ ಮೊಂಡಾಗುತ್ತಿದ್ದವು, ಪೇಟೆಗೆ ಕಳಿಸಿ ತರಿಸಲು ಎರಡು ದಿನ. ನಿರ್ದೇಶಕರು ಯಾವುದೋ ದೂರದ ಸಮ್ಮೇಳನದಲ್ಲಿದ್ದರು. ನಾನೊಬ್ಬ ಕಮ್ಮಾರನನ್ನು ಕರೆತರುತ್ತೇನೆ ಎಂದವನು ಕಿಟ್ಟನೇ, ಮನೆಯಲ್ಲಿ ಕೂತು ತುಕ್ಕು ಹಿಡಿಯುತ್ತಿದ್ದ ಅಪ್ಪನಿಗೆ ಒಂದು ವಾರವಾದರೂ ಕೈಗೆ ಕೆಲಸ ಸಿಗಲಿ ಎಂದು. ಅಪ್ಪ ಅಂದು ಕೂದಲು ಕತ್ತರಿಸಿಕೊಂಡು, ಒಗೆದ ಅಂಗಿ ಹಾಕಿ, ಗೋಣಿಚೀಲ ಹೆಗಲಿಗೇರಿಸಿ ಬಂದಿದ್ದರು. ಚೀಲ ಇಳಿಸುವಾಗ ಮಡಕೆ ಕೇಳಿದ, "ಯಜಮಾನ್ರು ನಿಮ್ಮ ಕಡೆಯವರಾ?" ಬರೀ ಕುತೂಹಲದ ಪ್ರಶ್ನೆ, ಅದರಲ್ಲಿ ಮುಳ್ಳಿರಲಿಲ್ಲ. ಆದರೆ ಹಿಂದಿನ ದಿನವಷ್ಟೇ ಮಡಕೆ ತನ್ನ ಅಪ್ಪ ಬರೆದ ಪುಸ್ತಕ ತೋರಿಸಿದ್ದ, ಜೊತೆ ಕೆಲಸದ ಇನ್ನೊಬ್ಬಳು ತನ್ನ ತಾತ ಕಟ್ಟಿಸಿದ ಗ್ರಂಥಾಲಯದ ಮಾತೆತ್ತಿದ್ದಳು. "ಅಲ್ಲಪ್ಪ, ಯಾರೋ. ಪೇಟೆ ಕಡೆಯಿಂದ ಕರೆಸಿದ್ದು" ಎಂದಿತು ಕಿಟ್ಟನ ಬಾಯಿ. ಅಪ್ಪ ಮೂರು ಮಾರು ದೂರದಲ್ಲಿ ಇದ್ದಿಲು ಸುರಿಯುತ್ತಿದ್ದರು. ಕೇಳಿಸಿತೋ ಇಲ್ಲವೋ ಎಂದು ಅವನು ಅರ್ಧ ಗಂಟೆ ಆಸೆ ಇಟ್ಟುಕೊಂಡಿದ್ದ. ಆಮೇಲೆ ಅಪ್ಪ ಬಂದು, "ಸಾರ್, ನೀರು ಬೇಕಿತ್ತು" ಎಂದರು. ಸಾರ್! ಅದರಲ್ಲಿ ಕೊಂಕಿಲ್ಲ, ಕೋಪವಿಲ್ಲ. ಕೆಲಸಕ್ಕೆ ಬಂದವನು ಕೆಲಸ ಕೊಟ್ಟವನಿಗೆ ಹೇಳುವ ಸಾರ್. ಮಧ್ಯಾಹ್ನ ಬಿಸಿಲೇರಿದಾಗ ಅವನಿಗೆ ತಡೆಯಲಾಗದೆ, ಸಾಮಾನಿನ ಶೆಡ್ಡಿನ ನೆರಳು ಬೀಳುವಲ್ಲಿಗೆ, ಹೊಸದಾಗಿ ತೆರೆದು ಗುಡಿಸಿಟ್ಟಿದ್ದ ಏಳನೇ ಗುಂಡಿಯ ಅಂಚಿಗೆ, ಅಪ್ಪನ ಅಡಿಗಲ್ಲನ್ನು, ಕಬ್ಬಿಣ ಇಟ್ಟು ಬಡಿಯುವ ರೈಲು ಕಂಬಿಯ ತುಂಡನ್ನು, ತಾನೇ ಎತ್ತಿ ಒಯ್ದಿಟ್ಟ. ಸುಟ್ಟ ಮಣ್ಣಿನ ಹಳೇ ನೆಲ ಅಲ್ಲಿ ಗೇಣು ಆಳದಲ್ಲಿ ಬಾಯಿ ತೆರೆದುಕೊಂಡಿತ್ತು, ಮೇಲೆ ಹೊದಿಕೆಯಿಲ್ಲ. ಮಂತ್ರಿಗಳು ಅಡಿಗಲ್ಲು ಇಟ್ಟರೆ ಕಟ್ಟಡ ಏಳುತ್ತದೆ, ಕಿಟ್ಟ ಇಟ್ಟ ಅಡಿಗಲ್ಲಿನಿಂದ ಒಂದು ಇತಿಹಾಸವೇ ಎದ್ದಿತು. ಅಪ್ಪನದು ಇನ್ನೊಂದು ಚಾಳಿ, ಪ್ರತಿ ಪೆಟ್ಟಿಗೂ ಮುಂಚೆ ಸುತ್ತಿಗೆಯನ್ನು ನೀರಲ್ಲಿ ಅದ್ದುವುದು. ಒದ್ದೆ ಸುತ್ತಿಗೆ ಕೆಂಡದಂಥ ಕಬ್ಬಿಣಕ್ಕೆ ಬಿದ್ದರೆ ಪಟಾಕಿ ಹೊಡೆದ ಸದ್ದು, ಹೊಟ್ಟು ಆರಡಿ ಹಾರಿ ಬೀಳುತ್ತದೆ, ಕಬ್ಬಿಣ ಲಕಲಕ ಹೊಳೆಯುತ್ತದೆ. ಒಂಬತ್ತು ದಿನ ಆ ಸದ್ದಿನ ಕೆಳಗೆ ಕೂತು ಕಿಟ್ಟ ಕಿಟ್ಟ ತೂಗಿದ. ಒಂದು ಸಲವೂ ತಲೆ ಎತ್ತಲಿಲ್ಲ. ಎತ್ತಿದ್ದರೆ ಹೊಟ್ಟು ಎಲ್ಲಿ ಬೀಳುತ್ತಿದೆ ಎಂದಾದರೂ ಕಾಣುತ್ತಿತ್ತು.

ಪರೀಕ್ಷಕಿ ಹನ್ನೊಂದಕ್ಕೆ ಐದು ನಿಮಿಷ ಇರುವಾಗಲೇ ಬಂದರು. ಅರವತ್ತು ದಾಟಿದ ಹೆಂಗಸು, ಕುತ್ತಿಗೆಯಲ್ಲಿ ದಾರ ಕಟ್ಟಿದ ಕನ್ನಡಕ, ಕೈಯಲ್ಲಿ ಮಡಚುವ ಮಣೆ. ನಿರ್ದೇಶಕರು ತಯಾರಿಟ್ಟುಕೊಂಡ ಸ್ವಾಗತ ಭಾಷಣ ಮುಗಿಸುವ ಮೊದಲೇ ಗುಂಡಿಗಿಳಿದು ಮಣೆ ಬಿಡಿಸಿ ಕೂತುಬಿಟ್ಟರು. ನಿರ್ದೇಶಕರು ಮೇಲೆ ನಿಂತೇ ಎಡಚ ಕಮ್ಮಾರನ ಚರಿತ್ರೆ ಹೇಳಿದರು, ಹೇಳುತ್ತ ಹೇಳುತ್ತ ಅವನಿಗೆ ಹೆಂಡತಿ ಮಕ್ಕಳನ್ನೂ ಕೊಟ್ಟರು. ಮ್ಯೂಸಿಯಮ್ಮಿನಲ್ಲಿ ಅವನ ಆಳೆತ್ತರದ ಬೊಂಬೆ ನಿಲ್ಲಿಸುವ ಆಲೋಚನೆಯಿದೆ, ಗಾಜಿನ ಮನೆ, ಒಳಗೆ ದೀಪ. ಸತ್ತ ಕಮ್ಮಾರನಿಗೆ ಗಾಜಿನ ಮನೆ, ಬದುಕಿದ್ದವನಿಗೆ ಹಿಂದಿನ ಕೋಣೆ, ಎಂದು ಕಿಟ್ಟನ ತಲೆಯೊಳಗೆ ಯಾರೋ ಅಂದರು. ಪರೀಕ್ಷಕಿ ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮಣ್ಣಿನ ಮೇಲೆ ಎಳೆದರು. ಚೀಲದ ತಳ ಕಪ್ಪಾಯಿತು. ಅದನ್ನು ಅಂಗೈಗೆ ಕೊಡವಿಕೊಂಡು, ಕನ್ನಡಕ ಏರಿಸಿ, ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕಿಟ್ಟನ ಕಂಕುಳಿಂದ ಬೆವರು ಇಸ್ತ್ರಿಯ ಅಂಗಿಯೊಳಗೆ ಒಂದೇ ಗೆರೆಯಾಗಿ ಇಳಿಯಿತು.

"ಚೆನ್ನಾಗಿ ಹೊಳೀತಿದೆ" ಎಂದರು ಪರೀಕ್ಷಕಿ.

"ಇಲ್ಲಿನ ಮಣ್ಣಿನ ಗುಣ ಮೇಡಂ. ಏನಿಟ್ಟರೂ ಕೆಡಲ್ಲ" ಎಂದರು ನಿರ್ದೇಶಕರು.

"ಹೌದಾ? ಮೂರನೇ ಗುಂಡಿಯದ್ದು ಕೆಟ್ಟಿತ್ತಲ್ಲ. ಅದೂ ಇದೇ ಮಣ್ಣಲ್ವಾ?" ಅವರು ಹೊಟ್ಟನ್ನು ಕಾಗದದಲ್ಲಿ ಮಡಚಿದರು. "ಒಂದು ಸಣ್ಣ ಪ್ರಶ್ನೆ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಪಿಕಾಸಿ ಗುದ್ದಲಿ ಎಲ್ಲ ಎಲ್ಲಿ ಹರಿತ ಮಾಡಿಸ್ತೀರಿ?"

"ಪೇಟೆಗೆ ಕಳಿಸ್ತೀವಿ."

"ಮೊದಲಿಂದಾನೂ?"

"ಮೊದಲಿಂದಾನೂ!" ಎಂದರು ನಿರ್ದೇಶಕರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಒಂಬತ್ತು ದಿನ ಅವರು ಸಮ್ಮೇಳನದಲ್ಲಿದ್ದರು, ತಾವಿಲ್ಲದಾಗ ಲೋಕ ನಡೆಯುತ್ತದೆ ಎಂಬ ಸಂಶಯ ಅವರಿಗೆ ಯಾವತ್ತೂ ಬಂದಿರಲಿಲ್ಲ. ಕಿಟ್ಟ ಮಡಕೆಯ ಕಡೆ ನೋಡಿದ. ಮಡಕೆ ತನ್ನ ಬೂಟಿನ ಲಾಡಿ ನೋಡುತ್ತ ಮೆಲ್ಲಗೆ, "ನಂಗೆ ಮಡಕೆ ಬಿಟ್ಟು ಬೇರೇನೂ ಗೊತ್ತಿಲ್ಲಪ್ಪ" ಎಂದ. ಇನ್ನೊಂದು ನಿಮಿಷ ಬಾಯಿ ಮುಚ್ಚಿಕೊಂಡರೆ ಪ್ರಶ್ನೆ ದಾಟಿಹೋಗುತ್ತದೆ. ಪರೀಕ್ಷಕಿ ಆಗಲೇ ಮಣೆ ಮಡಚುತ್ತಿದ್ದರು. ಮಡಚುವ ಮಣೆಯ ಕೀಲು ಕಿರ್ ಎಂದಿತು. ಹನ್ನೊಂದು ವರ್ಷ ಹಂಗಾಮಿ, ಎಲ್ಲರ ಹಂಗಿನ ಹಂಗಾಮಿ, ಒಂದು ನಿಮಿಷದಲ್ಲಿ ಮುಗಿಯುತ್ತದೆ. ಅವನು ಆ ನಿಮಿಷವನ್ನು ಎಣಿಸತೊಡಗಿದ. ಹತ್ತಕ್ಕೋ ಹನ್ನೆರಡಕ್ಕೋ ಬಂದಾಗ ಎಣಿಸುತ್ತಿದ್ದ ಬಾಯಿಯೇ ಜೋರಾಗಿ ಮಾತಾಡಿಬಿಟ್ಟಿತು.

"ಮೊದಲನೇ ವರ್ಷ ಇಲ್ಲೇ ಒಬ್ಬ ಕಮ್ಮಾರರು ಕೂತಿದ್ರು ಮೇಡಂ. ಈ ಅಂಚಲ್ಲಿ. ಒಂಬತ್ತು ದಿನ."

ನಿರ್ದೇಶಕರು ಅವನನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು. "ಏನ್ರೀ ಕಿಟ್ಟ, ಬಿಸಿಲು ತಲೆಗೇರಿತಾ?" ಆಮೇಲೆ ಪರೀಕ್ಷಕಿಯ ಕಡೆ ತಿರುಗಿ ನಕ್ಕರು. "ಕೂತಿದ್ರೆ ಕೂತಿರಲಿ ಬಿಡಿ. ಅವನೇನು ಎಡಚನಾ? ಊರಲ್ಲಿರೋ ನೂರು ಕಮ್ಮಾರರಲ್ಲಿ ತೊಂಬತ್ತೊಂಬತ್ತು ಜನ ಬಲಗೈಯವರು."

"ನೂರನೆಯವನು?" ಎಂದರು ಪರೀಕ್ಷಕಿ. ಮಣೆಯನ್ನು ಮತ್ತೆ ಬಿಡಿಸಿ ಕೂತರು. "ಅವರು ಬದುಕಿದಾರಾ? ಮನೆ ಗೊತ್ತಾ ನಿಮಗೆ?"

"ಗೊತ್ತು" ಎಂದ ಕಿಟ್ಟ.

"ಕರ್ಕೊಂಡು ಬನ್ನಿ. ಸಾಮಾನು ಸಮೇತ. ನಾನು ಕಾಯ್ತೀನಿ."

ಗೊತ್ತು ಎಂಬುದಷ್ಟೇ ಮಾತು. ಇನ್ನೂ ಎರಡು ಶಬ್ದ ಬೇಕಿತ್ತು, ಅವು ಬರಲಿಲ್ಲ. ಸ್ಕೂಟರಿನಲ್ಲಿ ಮನೆಗೆ ಹೋಗುವ ಇಪ್ಪತ್ತು ನಿಮಿಷ ಅವನು ಅದನ್ನೇ ಲೆಕ್ಕ ಹಾಕಿದ: ಅರ್ಧ ಸತ್ಯ ಹೇಳಿದವನಿಗೆ ಅರ್ಧ ಪುಣ್ಯ ಸಿಗುತ್ತದೋ, ಅಥವಾ ಅರ್ಧ ಬಾವಿ ದಾಟಿದವನ ಗತಿಯೋ. ಅಪ್ಪ ಹಿಂದಿನ ಕೋಣೆಯಲ್ಲಿ ರೇಡಿಯೋದ ಹಿಂಬದಿ ಬಿಚ್ಚಿಟ್ಟುಕೊಂಡು ಕೂತಿದ್ದರು. ಅವನು ಬಾಗಿಲಲ್ಲೇ ನಿಂತು, ಏಳನೇ ಗುಂಡಿ, ಹೊಟ್ಟು, ಹೊರಗಿನವರು ಬಂದಿದ್ದಾರೆ, ನೀನು ಕೂತಿದ್ದ ಜಾಗ ತೋರಿಸಬೇಕು, ಎಂದು ತುಂಡು ತುಂಡಾಗಿ ಹೇಳಿದ. ಎರಡು ವರ್ಷದ ಮೇಲೆ ಅಪ್ಪ ಸೊಸೆಯನ್ನು ಕರೆಯದೆ ಬಾಯಿಬಿಟ್ಟರು. "ಸಾಮಾನು ತರ್ಬೇಕಾ?" ಅಷ್ಟೆ. ಗೋಣಿಚೀಲ ಮಂಚದ ಕೆಳಗೇ ಇತ್ತು. ಕೈಯಲ್ಲಿ ತಿರುಗಿಸುವ ಗಾಳಿಯಂತ್ರ, ರೈಲು ಕಂಬಿಯ ತುಂಡು, ಇಕ್ಕಳ, ಸುತ್ತಿಗೆ, ಒಂದು ಗಂಟು ಇದ್ದಿಲು, ಯಾವುದಕ್ಕೂ ಧೂಳು ಹಿಡಿದಿರಲಿಲ್ಲ. "ಮಾವ, ಬಿಸಿಲು" ಎಂದು ಸೊಸೆ ಟೋಪಿ ತಂದುಕೊಟ್ಟಳು.

ಚೀಲವನ್ನು ಸ್ಕೂಟರಿನ ಮುಂದೆ ಕಾಲಿಡುವಲ್ಲಿ ಇಟ್ಟು ಹೊರಟರು. ಅಪ್ಪ ಹಿಂದೆ ಕೂತಿದ್ದರು, ಆದರೆ ಅವರ ಕೈ ಅವನ ಹೆಗಲ ಮೇಲಿರಲಿಲ್ಲ. ಚಿಕ್ಕವನಿದ್ದಾಗ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಅವನನ್ನು ಕೂರಿಸಿಕೊಂಡು ಹೋಗುವಾಗ ಅಪ್ಪ ತಲೆಯ ಮೇಲಿಂದ ಮಾತಾಡುತ್ತಿದ್ದರು, ಮಾತು ಆಕಾಶದಿಂದ ಬಂದ ಹಾಗೆ ಇರುತ್ತಿತ್ತು. ಈಗ ಬೆನ್ನಿನಿಂದ ಬಂತು.

"ಅಲ್ಲಿ ನಾನು ಯಾರು ಅಂತ ಹೇಳ್ಬೇಕು?"

ಸಿಗ್ನಲ್ ಕೆಂಪಾಗಿತ್ತು. ಪಕ್ಕದ ಕಾರಿನವನು ಇವರಿಬ್ಬರನ್ನು ಸುಮ್ಮನೆ ನೋಡುತ್ತಿದ್ದ.

"ಈಗಲೇ ಹೇಳಿಬಿಡು. ಅಲ್ಲಿ ಹೋಗಿ ನಾಲಿಗೆ ತಡವರಿಸಬಾರದು ನೋಡು. ಹೋದ ಸಲ ಪೇಟೆಯವನಾಗಿದ್ದೆ. ಈ ಸಲ ಯಾವ ಊರು?"

"ಲಾರಿ ಬರ್ತಿದೆ. ಗಟ್ಟಿಯಾಗಿ ಹಿಡ್ಕೊ."

"ಹಿಡ್ಕೊಳ್ಳೋಕೆ ಏನಿದೆ ಇಲ್ಲಿ?" ಎಂದರು ಅಪ್ಪ.

ಗೇಟಿನಲ್ಲಿ ನಿರ್ದೇಶಕರು ಕಾಯುತ್ತಿದ್ದರು. ಸ್ಕೂಟರ್ ನಿಲ್ಲುವ ಮೊದಲೇ ಬಂದು, ಎಂದೂ ಬಗ್ಗದವರು ಬಗ್ಗಿ ಅಪ್ಪನ ತೋಳು ಹಿಡಿದು ಇಳಿಸಿಕೊಂಡರು. "ಬನ್ನಿ ಯಜಮಾನ್ರೇ, ಬನ್ನಿ. ಏನಿಲ್ಲ, ಒಂದೆರಡು ಪೆಟ್ಟು ಹೊಡೆದು ತೋರಿಸೋದು. ನೀವು ಬಲಗೈಯವರೇ ತಾನೇ? ನಮ್ಮ ಕಿಟ್ಟ ಇದಾನಲ್ಲ, ಸುಮ್ನೆ ಗಾಬರಿ ಬಿದ್ದಿದಾನೆ. ನೀವು ಬಲಗೈಯವರು ಅಂತಾದ್ರೆ ಎಲ್ಲ ಸರಿಹೋಯ್ತು, ಇವತ್ತು ಸಾಯಂಕಾಲಕ್ಕೆ ಅವನ ಕೆಲಸನೂ ಕಾಯಂ. ಎಡಗೈಯವರು ಅಂತಾದ್ರೆ ಪಾಪ, ಅವನೂ ಇಲ್ಲ, ನಾವೂ ಇಲ್ಲ." ಜೋಕು ಹೇಳಿದ ಹಾಗೆ ಹೇಳಿ ನಕ್ಕರು. ಅಪ್ಪ ನಗಲಿಲ್ಲ. "ಹಾಗಾ ಸಾರ್" ಎಂದರು. ಹಿಂದೆ ಗೋಣಿಚೀಲ ಹೊತ್ತು ಬರುತ್ತಿದ್ದ ಕಿಟ್ಟನಿಗೆ ಅಪ್ಪನ ಬೆನ್ನು ಮಾತ್ರ ಕಾಣುತ್ತಿತ್ತು. ಬೆನ್ನು ಏನನ್ನೋ ತೀರ್ಮಾನ ಮಾಡಿತು.

ಪರೀಕ್ಷಕಿ ಗುಂಡಿಯ ಪಕ್ಕದ ಬಯಲಲ್ಲಿ ನಕ್ಷೆ ಬಿಡಿಸುವ ದೊಡ್ಡ ಬಿಳಿ ಹಾಳೆ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟಿದ್ದರು. ಅದರ ತುದಿಗೆ ರೈಲು ಕಂಬಿ, ಪಕ್ಕದಲ್ಲಿ ಇದ್ದಿಲ ಬೆಂಕಿ, ಒಂದು ತಂಬಿಗೆ ನೀರು. ಅಪ್ಪ ಗಾಳಿಯಂತ್ರ ತಿರುಗಿಸಿ ಮೊಂಡು ಪಿಕಾಸಿಯ ಮೂತಿಯನ್ನು ಕೆಂಪಗೆ ಕಾಯಿಸಿದರು. ಆಮೇಲೆ ಇಕ್ಕಳವನ್ನು ಎಡಗೈಗೆ ತೆಗೆದುಕೊಂಡರು. ಸುತ್ತಿಗೆಯನ್ನು ಬಲಗೈಗೆ. ಕಿಟ್ಟನಿಗೆ ಅರ್ಥವಾಗುವಷ್ಟರಲ್ಲಿ ಮೊದಲ ಪೆಟ್ಟು ಬಿದ್ದಿತ್ತು, ಸುತ್ತಿಗೆಗೆ ನೀರೂ ಸೋಕಿಸಿರಲಿಲ್ಲ. ತಿರುಗುಮುರುಗು ಇಕ್ಕಳ ಸರಿಯಾಗಿ ಕಚ್ಚದೆ ಪಿಕಾಸಿ ಅಲ್ಲಾಡುತ್ತಿತ್ತು. ಎರಡನೇ ಪೆಟ್ಟು ಅಂಚಿಗೆ ತಾಗಿ ಜಾರಿತು. ಮೂರನೆಯದು ಕಬ್ಬಿಣವನ್ನೇ ಮುಟ್ಟದೆ ರೈಲು ಕಂಬಿಗೆ ಬಿದ್ದು ಠಣ್ ಎಂದಿತು. ಮಡಕೆ, ಕೆಟ್ಟ ಮನಸ್ಸಿನಿಂದಲ್ಲ, ಬಿಗಿ ಸಡಿಲಿಸಲು ಎಂಬಂತೆ ನಕ್ಕ. "ಯಜಮಾನ್ರಿಗೆ ವಯಸ್ಸಾಯ್ತು. ಈಗ ಕಬ್ಬಿಣಾನೇ ಸುತ್ತಿಗೆ ಹುಡುಕ್ಕೊಂಡು ಬರ್ಬೇಕು." ಅಗೆಯುವ ಕೆಲಸದವರೂ ನಕ್ಕರು. ಅಪ್ಪನ ಕಿವಿ ಕೆಂಪಗಾಯಿತು, ತಲೆ ಎತ್ತದೆ ಮತ್ತೊಂದು ಪೆಟ್ಟು ಹಾಕಿದರು, ಅದೂ ಸೊಟ್ಟ. ಐವತ್ತೈದು ವರ್ಷ ಕತ್ತಲಲ್ಲೂ ಗುರಿ ತಪ್ಪದೆ ಬಡಿದ ಮನುಷ್ಯ ಹಾಡುಹಗಲಲ್ಲಿ, ಹತ್ತು ಜನರೆದುರು, ಬೇಕಂತಲೇ ಕೆಲಸ ಬಾರದವನಾಗುತ್ತಿದ್ದ. ಹಾಳೆಯ ಮೇಲೆ ಒಂದಿಷ್ಟು ಚುಕ್ಕಿಗಳು ಸುಟ್ಟಿದ್ದವು, ಎಲ್ಲ ಎಡಗಡೆಗೆ.

"ನೋಡಿ ಮೇಡಂ, ನೋಡಿ!" ನಿರ್ದೇಶಕರು ಹಾಳೆಯ ಸುತ್ತ ಸುತ್ತಿದರು. "ಎಡಕ್ಕೆ! ನಮ್ಮದು ಬಲಕ್ಕೆ. ಇವರದ್ದು ಬೇರೆ, ನಮ್ಮವನದ್ದು ಬೇರೆ. ಏನ್ ಕಿಟ್ಟ, ಸಮಾಧಾನ ಆಯ್ತಾ?"

ಪರೀಕ್ಷಕಿ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಪೆನ್ನಿಗೆ ಮುಚ್ಚಳ ಹಾಕಿದರು. ಎಲ್ಲವೂ ಮುಗಿದಿತ್ತು, ಯಾರಿಗೂ ನಷ್ಟವಿಲ್ಲದ ಹಾಗೆ. ಕಿಟ್ಟ ಹೇಳಬೇಕಾದದ್ದು ಹೇಳಿಯಾಗಿತ್ತು, ಅದು ತಪ್ಪೆಂದು ಸಾಬೀತೂ ಆಗಿತ್ತು, ಇನ್ನು ಅವನ ಆತ್ಮಸಾಕ್ಷಿಯನ್ನು ತೊಳೆದು ಒಣಗಿಸಿ ಡಬ್ಬಿಗೆ ಹಾಕಿ ನಂಬರು ಬರೆಯಬಹುದು. ಅಪ್ಪ ಬೆವರು ಒರೆಸಿಕೊಳ್ಳುತ್ತ ಅವನನ್ನು ಒಂದು ಸಲ ನೋಡಿದರು. ಆ ನೋಟದಲ್ಲಿ ಪ್ರೀತಿ ಇದ್ದಿದ್ದರೆ ಅವನು ಸುಮ್ಮನಿದ್ದುಬಿಡುತ್ತಿದ್ದನೋ ಏನೋ. ಅದರಲ್ಲಿದ್ದದ್ದು ಬರೀ ಆಯಾಸ, ಕೆಲಸ ಮುಗಿಸಿದವನ ಆಯಾಸ, ತಗೋ, ಆಯ್ತಲ್ಲ, ಎನ್ನುವಂಥದ್ದು. ಮಡಕೆ ಇನ್ನೂ ನಗುತ್ತಿದ್ದ. ಆ ನಗುವನ್ನು ನಿಲ್ಲಿಸಬೇಕು ಎಂಬುದೊಂದೇ ಕಿಟ್ಟನಿಗೆ ತೋಚಿದ್ದು. ಎಡಚ ಕಮ್ಮಾರ, ಪಟ್ಟಿ, ವರದಿ, ಯಾವುದೂ ಆ ಕ್ಷಣ ನೆನಪಿರಲಿಲ್ಲ.

"ಅವರು ಬಲಗೈಯವರಲ್ಲ" ಎಂದ. "ಸುತ್ತಿಗೆ ಎಡಗೈಲಿ ಹಿಡೀತಾರೆ. ಇಕ್ಕಳ ನೋಡಿ, ಉಲ್ಟಾ ಇದೆ. ಹೊಡೆಯೋಕೆ ಮುಂಚೆ ನೀರಲ್ಲಿ ಅದ್ದುತಾರೆ."

"ಇಲ್ಲ ಸಾರ್, ಇವರಿಗೆ ಗೊತ್ತಿಲ್ಲ" ಎಂದರು ಅಪ್ಪ ಪರೀಕ್ಷಕಿಗೆ, ಗಡಿಬಿಡಿಯಲ್ಲಿ ಅವರನ್ನೂ ಸಾರ್ ಮಾಡಿ. "ನಂದು ಬಲಗೈಯೇ."

"ಎಡಗೈಲಿ ಹಿಡಿ" ಎಂದ ಕಿಟ್ಟ.

"ಸುಮ್ನಿರೋ!" ಅಪ್ಪ ಕೂತಲ್ಲಿಂದಲೇ ಕಿರುಚಿದರು. "ಬುದ್ಧಿ ನೆಟ್ಟಗಿದೆಯೇನೋ ನಿಂಗೆ? ಹೆಂಡತಿ, ಮನೆ ಬೇಡ್ವೇನೋ? ನಾನು ಇಲ್ಲಿ ಮಾನ ಮೂರು ಕಾಸು ಮಾಡ್ಕೊಂಡಿದ್ದು ಯಾತಕ್ಕೆ ಅಂದ್ಕೊಂಡಿದೀಯ, ಮಂಕೇ!"

ಬೆಂಕಿಯಲ್ಲಿ ಒಂದು ಇದ್ದಿಲು ಬಿರಿಯಿತು. ಮಡಕೆಯ ನಗು ಬಾಯಲ್ಲೇ ಎಲ್ಲಿ ಇಳಿಸಬೇಕೆಂದು ತಿಳಿಯದೆ ನಿಂತಿತ್ತು. ಪರೀಕ್ಷಕಿ ಏನೂ ಆಗದವರ ಹಾಗೆ ಎದ್ದು ಹಳೇ ಹಾಳೆ ಸುತ್ತಿಟ್ಟು, ಹೊಸದೊಂದು ಹಾಸಿ, ಕಲ್ಲುಗಳನ್ನು ಮತ್ತೆ ಮೂಲೆಗಿಟ್ಟರು. "ಇನ್ನೊಂದು ಸಲ" ಎಂದರು. "ನಿಮ್ಮ ಕೆಲಸ ಹೇಗೋ ಹಾಗೆ." ಅಪ್ಪ ಬೆಂಕಿಗೆ ಇನ್ನೊಂದು ಹಿಡಿ ಇದ್ದಿಲು ಹಾಕಿದರು. ಆಮೇಲೆ ಗಾಳಿಯಂತ್ರ ತಿರುಗಿತು, ಕಬ್ಬಿಣ ಕೆಂಪಾಗಿ ಹಳದಿಗೆ ತಿರುಗಿತು, ಇಕ್ಕಳ ಬಲಗೈಗೆ ಹೋಗಿ ಕಚ್ಚಿ ಹಿಡಿಯಿತು, ಸುತ್ತಿಗೆ ಎಡಗೈಗೆ ಹೋಗಿ ನೀರಲ್ಲಿ ಮುಳುಗಿ ಎದ್ದಿತು. ಪಟಾರ್! ನಿರ್ದೇಶಕರು ಎರಡು ಹೆಜ್ಜೆ ಹಿಂದೆ ಹಾರಿದರು. ಪಟಾರ್, ಪಟಾರ್, ಒಂದಕ್ಕೊಂದು ಅಳತೆ ಹಿಡಿದಷ್ಟು ಅಂತರ, ಒಂದೂ ಅತ್ತಿತ್ತ ಇಲ್ಲ. ಹನ್ನೆರಡು ಪೆಟ್ಟಿಗೆ ಪಿಕಾಸಿಯ ಮೂತಿ ಸೂಜಿಯಾಯಿತು. ಹಾಳೆಯ ಮೇಲೆ ನೂರಾರು ಕಪ್ಪು ಚುಕ್ಕಿಗಳು ಹೊಗೆಯಾಡುತ್ತಿದ್ದವು, ಬಲಕ್ಕೆ ವಾಲಿದ, ಬಿಚ್ಚಿದ ಬೀಸಣಿಗೆ. ಗೋಡೆಯ ಮೇಲಿನ ನಕ್ಷೆಯನ್ನು ತಂದು ಪಕ್ಕಕ್ಕಿಡಬೇಕೆಂದು ಯಾರಿಗೂ ಅನ್ನಿಸಲಿಲ್ಲ. ನಿರ್ದೇಶಕರು ಟೋಪಿ ತೆಗೆದರು, ಅದರೊಳಗೆ ನೋಡಿದರು, ಮತ್ತೆ ಹಾಕಿಕೊಂಡರು. ಅವರನ್ನು ಕಂಡು ಕಿಟ್ಟನಿಗೆ ಮೊದಲ ಸಲ ಕರುಣೆ ಬಂತು, ಮನೆಯಲ್ಲಿ ಯಾರೋ ತೀರಿಕೊಂಡವರ ಹಾಗಿದ್ದರು.

"ಮೂರನೇ ಗುಂಡಿ ಗಟ್ಟಿಯಾಗಿದೆ. ಆ ಕಿಟ್ಟ, ಆ ಒಲೆ, ಅದಕ್ಕೆ ನಾನು ಸಹಿ ಹಾಕ್ತೀನಿ" ಎಂದರು ಪರೀಕ್ಷಕಿ. "ಏಳನೇ ಗುಂಡಿಗೆ ಹಾಕಲ್ಲ. ಹೊಟ್ಟು ಎಲ್ಲಿಂದ ಬಂತು ಅಂತ ಬರೀಬೇಕಾಗುತ್ತೆ." ಪುಸ್ತಕ ತೆರೆದು, ಹಿಂದೆ ಬರೆದದ್ದನ್ನು ಒಂದೇ ಗೆರೆ ಎಳೆದು ಹೊಡೆದುಹಾಕಿ, ಅಪ್ಪನ ಹೆಸರು ಕೇಳಿ ಬರೆದುಕೊಂಡರು. ವಯಸ್ಸು ಕೇಳಿದರು. ಕೂತಿದ್ದ ಜಾಗ, ಎಷ್ಟು ದಿನ, ಕರೆಸಿದವರು ಯಾರು. ಕೊನೆಗೆ ಪೆನ್ನಿನ ತುದಿಯನ್ನು ಕಿಟ್ಟನ ಕಡೆ ತೋರಿಸಿ ಅಪ್ಪನನ್ನೇ ಕೇಳಿದರು, "ಇವರು ನಿಮಗೆ ಏನಾಗ್ಬೇಕು?"

ಅಪ್ಪ ಇಕ್ಕಳವನ್ನು ನೀರಲ್ಲಿ ಅದ್ದಿದರು. ಅದು ಚುಂಯ್ ಎಂದು ತಣ್ಣಗಾಗುವವರೆಗೆ ಕಾದರು.

"ಅದನ್ನ ಅವನೇ ಹೇಳಲಿ."

ಮಡಕೆ, ನಿರ್ದೇಶಕರು, ಅಗೆಯುವವರು, ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು.

"ಮಗ" ಎಂದ. ಅವನಿಗೇ ಸರಿಯಾಗಿ ಕೇಳಿಸಲಿಲ್ಲ.

"ಜೋರಾಗಿ ಹೇಳು" ಎಂದರು ಅಪ್ಪ. "ಬರ್ಕೊಳ್ಳೋರಿಗೆ ಕೇಳಿಸ್ಬೇಕು."